ಲಡ್ಡು ಹಿಡಿದ ಮರದ ಅಟ್ಟಣೆಗೆ ಬದಲಿ ಯಾವುದು? ಬಾಳಿಕೆ ಬರುವ ಸಾಮಗ್ರಿಯ ಆಯ್ಕೆಯನ್ನು ಕುರಿತು

ಮಳೆಗಾಲ ಮುಗಿದು ಬಿಸಿಲು ಕಾಣಿಸಿಕೊಳ್ಳುತ್ತಿದ್ದಂತೆ ಕರಾವಳಿ ಹಾಗೂ ಮಲೆನಾಡಿನ ಅನೇಕ ವರ್ತಕರಿಗೆ ಒಂದು ಖರ್ಚು ತಪ್ಪಿದ್ದಲ್ಲ. ಉಗ್ರಾಣದ ಮುಂದೆ ಲಾರಿಯಿಂದ ಸರಕು ಇಳಿಸಿಕೊಳ್ಳುವ ಮರದ ಅಟ್ಟಣೆಯಲ್ಲಿ ಎಲ್ಲೋ ಒಂದು ಹಲಗೆ ಮೆತ್ತಗಾಗಿರುತ್ತದೆ. ಮತ್ತೆಲ್ಲೋ ಮೊಳೆ ಸಡಿಲಗೊಂಡಿರುತ್ತದೆ. ಮೂಟೆ ಹೊತ್ತ ಹಮಾಲನ ಕಾಲ ಕೆಳಗೆ ಜಂತೆ ಕುಸಿಯುವವರೆಗೂ ಅದು ಯಾರ ಗಮನಕ್ಕೂ ಬಾರದು. ಪ್ರವಾಸಿಗರಿಗಾಗಿ ತೋಟದ ಅಂಚಿನಲ್ಲಿ ಮರದ ಜಗಲಿ ನಿರ್ಮಿಸಿಕೊಂಡ ಹೋಟೆಲು ಮತ್ತು ಹೋಂಸ್ಟೇ ಮಾಲೀಕರ ಅನುಭವವೂ ಇದಕ್ಕಿಂತ ಭಿನ್ನವಲ್ಲ. ವಾಸ್ತುಶಿಲ್ಪಿಗಳು ಡೆಕ್ ಎಂದು ಕರೆಯುವುದು ಇದನ್ನೇ: ನೆಲದಿಂದ ಕೆಲವು ಅಡಿ ಎತ್ತರದಲ್ಲಿ ಕಂಬ, ತೊಲೆ, ಜಂತೆಗಳ ಮೇಲೆ ಹಲಗೆ ಹಾಸಿ ಮಾಡಿದ ತೆರೆದ ಅಟ್ಟಣೆ.

ಅಟ್ಟಣೆ ಕೆಟ್ಟಾಗ ಬಡಗಿಯನ್ನು ಕರೆಸಿ, ಅದೇ ಅಳತೆಯ ಹೊಸ ಹಲಗೆಯನ್ನು ಅದೇ ಜಾಗದಲ್ಲಿ ಹೊಡೆಸುವುದು ರೂಢಿ. ಇನ್ನು ಕೆಲವರು ಮರದ ಗೊಡವೆಯೇ ಬೇಡವೆಂದು ಮಾರಾಟಗಾರನ ಮಾತು ನಂಬಿ ದುಬಾರಿ ಬೆಲೆಯ ಹೊಸ ಸಾಮಗ್ರಿಯನ್ನು ತಂದು ಹಾಸುತ್ತಾರೆ. ಎರಡು ಕ್ರಮಗಳಲ್ಲಿಯೂ ಒಂದು ಪ್ರಶ್ನೆ ಬಿಟ್ಟುಹೋಗಿರುತ್ತದೆ: ಹಳೆಯ ಅಟ್ಟಣೆ ಕೆಟ್ಟದ್ದು ಏಕೆ? ಅಟ್ಟಣೆಯ ಆಯುಷ್ಯವನ್ನು ನಿರ್ಧರಿಸುವುದು ಮೇಲೆ ಕಾಣುವ ಹಲಗೆಗಿಂತ ಹೆಚ್ಚಾಗಿ, ಕೆಳಗೆ ಕಾಣದಿರುವ ಜಂತೆ, ಕೀಲು ಮತ್ತು ನೀರಿನ ದಾರಿ. ಇದನ್ನು ಮನಗಂಡ ಮೇಲೆ ಸಾಮಗ್ರಿಯನ್ನು ಆರಿಸುವುದು ಹೇಗೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಮರ ಲಡ್ಡಾಗುವುದು ಏಕೆ?

ಮರವನ್ನು ಲಡ್ಡು ಮಾಡುವುದು ಅಣಬೆಯ ಜಾತಿಗೆ ಸೇರಿದ ಶಿಲೀಂಧ್ರಗಳು. ಅವು ಬೆಳೆಯಲು ನಾಲ್ಕು ಸಂಗತಿಗಳು ಬೇಕು: ಆಹಾರವಾಗಿ ಮರ, ಹದವಾದ ಶಾಖ, ಗಾಳಿ ಮತ್ತು ತೇವ. ಇವುಗಳಲ್ಲಿ ಶಾಖವನ್ನಾಗಲಿ ಗಾಳಿಯನ್ನಾಗಲಿ ತಡೆಯುವುದು ನಮ್ಮ ಕೈಯಲ್ಲಿಲ್ಲ. ಉಳಿದದ್ದು ಎರಡೇ: ಶಿಲೀಂಧ್ರಕ್ಕೆ ರುಚಿಸದ ಮರವನ್ನು ಬಳಸುವುದು ಅಥವಾ ಮರವನ್ನು ಒಣಗಿಸಿಡುವುದು. ಒಣ ತೂಕಕ್ಕೆ ಹೋಲಿಸಿದಾಗ ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಲಡ್ಡು ಹಿಡಿಯದು. ಸದಾ ನೀರಿನಲ್ಲಿ ಮುಳುಗಿರುವ ಮರಕ್ಕೂ ಗಾಳಿ ಸಿಗದ ಕಾರಣ ಅದು ಬಹುಕಾಲ ಬಾಳುತ್ತದೆ. ಕೇರಳದಲ್ಲಿ ಬಾವಿಯ ತಳಕ್ಕೆ ನೆಲ್ಲಿ ಮರದ ಚೌಕಟ್ಟನ್ನು ಇಳಿಸುವ ಪದ್ಧತಿ ನಡೆದುಬಂದಿರುವುದನ್ನು ಇಲ್ಲಿ ನೆನೆಯಬಹುದು. ಮರಕ್ಕೆ ಅತ್ಯಂತ ಕೆಟ್ಟದ್ದು ನೆನೆಯುವುದು, ಅರೆ ಒಣಗುವುದು, ಮತ್ತೆ ನೆನೆಯುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಅಟ್ಟಣೆಗಳ ಸ್ಥಿತಿ ಇದೇ ಆಗಿರುತ್ತದೆ.

ಹಳೆಯ ಕಾಲದ ಮನೆಗಳ ಮರದ ಕಂಬಗಳು ಹಲವು ತಲೆಮಾರು ಬಾಳಿದವು. ಇಂದಿನ ಮರ ಹತ್ತು ವರ್ಷವೂ ಬಾರದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಂದಿನ ಮರ ಬಲಿತದ್ದಾಗಿತ್ತೆಂಬುದು ನಿಜ. ಆದರೆ ಕಂಬದ ಬುಡ ಮಣ್ಣಿಗೆ ತಾಗದೆ ಕಲ್ಲಿನ ಪೀಠದ ಮೇಲೆ ನಿಂತಿತ್ತು, ಅಗಲವಾದ ಸೂರು ಮಳೆಯನ್ನು ಜಗಲಿಯಿಂದ ದೂರ ಇಟ್ಟಿತ್ತು ಎಂಬುದೂ ಅಷ್ಟೇ ನಿಜ. ಅಂದಿನ ಬಡಗಿ ಮರವನ್ನು ಆರಿಸಿದಷ್ಟೇ ಎಚ್ಚರದಿಂದ ನೀರನ್ನೂ ದೂರವಿಟ್ಟಿದ್ದನು.

ಮೊದಲು ಪರೀಕ್ಷೆ, ಆಮೇಲೆ ಖರೀದಿ

ಹೊಸ ಸಾಮಗ್ರಿಯ ದರಪಟ್ಟಿ ತರಿಸುವ ಮುನ್ನ ಹಳೆಯ ಅಟ್ಟಣೆಯನ್ನು ಕೂಲಂಕಷವಾಗಿ ಪರೀಕ್ಷಿಸತಕ್ಕದ್ದು. ಇದಕ್ಕೆ ಒಂದು ಉಳಿ ಅಥವಾ ದಪ್ಪ ಸ್ಕ್ರೂಡ್ರೈವರ್ ಮತ್ತು ಒಂದು ಟಾರ್ಚು ಸಾಕು. ಗಟ್ಟಿ ಮರಕ್ಕೆ ಉಳಿಯ ತುದಿ ಚುಚ್ಚಿದರೆ ಹೆಚ್ಚು ಇಳಿಯದು, ಎಬ್ಬಿದರೆ ಉದ್ದ ಸಿಬರು ಏಳುತ್ತದೆ. ಲಡ್ಡು ಹಿಡಿದ ಮರದಲ್ಲಿ ಉಳಿ ಸುಲಭವಾಗಿ ಇಳಿದು, ಮರ ತುಂಡುತುಂಡಾಗಿ ಮುರಿದು ಬರುತ್ತದೆ. ಮುಖ್ಯವಾಗಿ ನಾಲ್ಕು ಸ್ಥಳಗಳನ್ನು ನೋಡಬೇಕು.

1. ಹಲಗೆಗಳ ಅಡ್ಡ ಕೊಯ್ದ ತುದಿಗಳು. ಮರದ ನಾಳಗಳು ಇಲ್ಲಿ ತೆರೆದುಕೊಂಡಿರುವುದರಿಂದ ಪಕ್ಕದ ಮೈಗಿಂತ ಅನೇಕ ಪಟ್ಟು ವೇಗವಾಗಿ ನೀರನ್ನು ಹೀರುತ್ತವೆ.

2. ಹಲಗೆ ಜಂತೆಯ ಮೇಲೆ ಕೂರುವ ಜಾಗ. ಮೊಳೆಯ ರಂಧ್ರದ ಮೂಲಕ ಇಳಿದ ನೀರು ಇಲ್ಲಿ ಸಿಕ್ಕಿಕೊಂಡು ಒಣಗುವುದಿಲ್ಲ. ಮೇಲಿನ ಹಲಗೆ ಗಟ್ಟಿಯಾಗಿದ್ದು ಕೆಳಗಿನ ಜಂತೆಯ ನೆತ್ತಿ ಲಡ್ಡಾಗಿರುವುದು ಸಾಮಾನ್ಯ.

3. ಕಂಬದ ಬುಡ. ಮಣ್ಣಿನಲ್ಲಿ ಹೂಳಿದ ಅಥವಾ ಕಾಂಕ್ರೀಟಿನಲ್ಲಿ ಕೂರಿಸಿದ ಕಂಬ ನೆಲಮಟ್ಟದಲ್ಲಿಯೇ ಮೊದಲು ಕೆಡುತ್ತದೆ. ಗೆದ್ದಲು ಏರುವುದೂ ಇಲ್ಲಿಂದಲೇ.

4. ಅಟ್ಟಣೆ ಗೋಡೆಗೆ ಸೇರುವ ಗೆರೆ. ಸೂರಿನ ನೀರು ಇಲ್ಲಿ ಸುರಿಯುತ್ತಿದ್ದರೆ ಯಾವ ಸಾಮಗ್ರಿಯೂ ನೆಮ್ಮದಿಯಿಂದ ಬಾಳದು.

ಕೇವಲ ಹಲಗೆಗಳು ಹಾಳಾಗಿದ್ದರೆ ಹಾಸನ್ನು ಮಾತ್ರ ಬದಲಿಸಬಹುದು. ಜಂತೆಗಳಲ್ಲಿಯೂ ಲಡ್ಡು ಕಂಡರೆ, ಅವುಗಳ ಮೇಲೆ ಇಪ್ಪತ್ತು ವರ್ಷ ಬಾಳುವ ದುಬಾರಿ ಹಾಸನ್ನು ಹೊದಿಸುವುದು ಕುಸಿಯುವ ಗೋಡೆಗೆ ಸುಣ್ಣ ಬಳಿದಂತೆ. ಇಂಥ ಕಡೆ ಚೌಕಟ್ಟಿನಿಂದಲೇ ಹೊಸ ಕೆಲಸ ಆರಂಭವಾಗಬೇಕು.

ಹೊರೆಯ ಲೆಕ್ಕ

ಮನೆಯ ಜಗಲಿಗೂ ವ್ಯಾಪಾರದ ಅಟ್ಟಣೆಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಹೊರೆ. ಕಟ್ಟಡಗಳ ಹೊರೆಯನ್ನು ಕುರಿತ ಭಾರತೀಯ ಮಾನಕ 875ರ ಎರಡನೆಯ ಭಾಗದಂತೆ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಗೆ ವಿನ್ಯಾಸ ಮಾಡಿದರೆ ಸಾಕು. ಉಗ್ರಾಣಕ್ಕಾದರೋ ಕನಿಷ್ಠ 750 ಕಿಲೋ ಹಿಡಿಯಬೇಕು. ಸರಕಿನ ರಾಶಿ ಎತ್ತರವಾದಷ್ಟೂ ಅದು ಹೆಚ್ಚುತ್ತದೆ. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಜಾಗದಲ್ಲಿ 50 ಕಿಲೋದ ಹತ್ತು ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಲ್ಲಿ ಚದರ ಮೀಟರಿಗೆ ಸುಮಾರು 900 ಕಿಲೋ ಬಿದ್ದಂತಾಯಿತು. ಕೈಗಾಡಿಯ ಸಣ್ಣ ಗಾಲಿಯ ಕೆಳಗೆ ಒತ್ತಡ ಒಂದೇ ಬಿಂದುವಿನಲ್ಲಿ ಬೀಳುವುದರಿಂದ ಅದನ್ನು ಪ್ರತ್ಯೇಕವಾಗಿಯೇ ಗಣಿಸಬೇಕು.

ಆದುದರಿಂದ ಮನೆಗಳಿಗೆಂದು ತಯಾರಾದ ಹಾಸನ್ನು ಅದರ ಅಂದಕ್ಕೆ ಮಾರುಹೋಗಿ ಉಗ್ರಾಣಕ್ಕೆ ತರುವುದು ಸಲ್ಲದು. ನಿಮ್ಮ ಅಟ್ಟಣೆಯ ಮೇಲೆ ಬೀಳಬಹುದಾದ ಗರಿಷ್ಠ ಹೊರೆಯನ್ನು ಮೊದಲು ಕಾಗದದ ಮೇಲೆ ಬರೆದು, ಅದನ್ನು ಎಂಜಿನಿಯರರಿಗೂ ಮಾರಾಟಗಾರರಿಗೂ ಕೊಡಿರಿ. ಉದ್ಯೋಗದ ಸ್ಥಳದ ನೆಲ, ಮೆಟ್ಟಿಲು, ಓಡಾಟದ ದಾರಿಗಳು ಭದ್ರವಾಗಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 32ನೆಯ ಕಲಮು ವಿಧಿಸಿತ್ತು. ಕೆಲಸಗಾರನ ಸುರಕ್ಷತೆ ಮಾಲೀಕನ ಹೊಣೆ ಎಂಬ ಆ ತತ್ತ್ವ ಇಂದಿಗೂ ಬದಲಾಗಿಲ್ಲ.

ಸಾಮಗ್ರಿಗಳ ಗುಣದೋಷ ವಿಮರ್ಶೆ

ಸಹಜ ಬಾಳಿಕೆಯ ಮರ: ಮರಗಳ ಬಾಳಿಕೆಯನ್ನು ಅಳೆಯಲು ನಮ್ಮಲ್ಲಿ ಒಂದು ಸರಳ ಕ್ರಮವಿದೆ. ಮರದ ತುಂಡುಗಳನ್ನು ಅರ್ಧದವರೆಗೆ ಮಣ್ಣಿನಲ್ಲಿ ಹೂತು, ಅವು ಎಷ್ಟು ತಿಂಗಳು ಉಳಿಯುತ್ತವೆಂದು ನೋಡಲಾಗುತ್ತದೆ. ಭಾರತೀಯ ಮಾನಕ 401ರಂತೆ ಸರಾಸರಿ 120 ತಿಂಗಳು ಅಥವಾ ಅದಕ್ಕೂ ಹೆಚ್ಚು ಬಾಳಿದರೆ ಒಂದನೆಯ ವರ್ಗ, 60ರಿಂದ 120 ತಿಂಗಳೊಳಗಾದರೆ ಎರಡನೆಯ ವರ್ಗ, 60 ತಿಂಗಳಿಗೂ ಕಡಿಮೆಯಾದರೆ ಮೂರನೆಯ ವರ್ಗ. ತೇಗ, ಹೊನ್ನೆ, ಕಿರಾಲಬೋಗಿ ಮೊದಲಾದವು ಒಂದನೆಯ ವರ್ಗಕ್ಕೆ ಸೇರಿದವು. ಮಾವು, ರಬ್ಬರ್ ಮರಗಳು ಮೂರನೆಯ ವರ್ಗದವು.

ಈ ವರ್ಗೀಕರಣ ಅನ್ವಯವಾಗುವುದು ಮರದ ಕೆಚ್ಚಿಗೆ ಮಾತ್ರ ಎಂಬುದನ್ನು ಖರೀದಿದಾರರು ಮರೆಯಬಾರದು. ಕೆಚ್ಚಿನ ಸುತ್ತಲಿನ ಬಿಳಿಯ ಭಾಗ ಯಾವ ಜಾತಿಯದಾದರೂ ಬೇಗ ಕೆಡುತ್ತದೆ. ಎಳೆಯ ವಯಸ್ಸಿನಲ್ಲಿ ಕಡಿದ ನೆಡುತೋಪಿನ ತೇಗದಲ್ಲಿ ಈ ಬಿಳಿಯ ಭಾಗವೇ ಹೆಚ್ಚು. ತೇಗವೆಂಬ ಹೆಸರಿಗೆ ಬೆಲೆ ತೆತ್ತು ಬಿಳಿ ಮರ ಕೊಂಡರೆ ನಷ್ಟ ಕಟ್ಟಿಟ್ಟದ್ದು. ಹಳೆಯ ಕಟ್ಟಡ ಕೆಡವಿದಾಗ ದೊರೆಯುವ ತೇಗ ಬಲಿತದ್ದಾಗಿದ್ದು ಚೆನ್ನಾಗಿ ಒಣಗಿರುತ್ತದೆ. ಮೊಳೆಯ ತೂತು, ಗೆದ್ದಲಿನ ಜಾಡು ಇಲ್ಲದ ತುಂಡುಗಳನ್ನು ಆರಿಸಿಕೊಂಡರೆ ಅದು ಒಳ್ಳೆಯ ಖರೀದಿಯೇ. ಮರದ ಬಿಲ್ಲು ಹಾಗೂ ಅಗತ್ಯವಿರುವಲ್ಲಿ ಅರಣ್ಯ ಇಲಾಖೆಯ ಸಾಗಣೆ ಪರವಾನಗಿಯನ್ನು ತಪ್ಪದೆ ಪಡೆದಿಟ್ಟುಕೊಳ್ಳಬೇಕು.

ಸಂಸ್ಕರಿಸಿದ ಮರ: ಸಾಧಾರಣ ಮರಕ್ಕೆ ಒತ್ತಡದ ಮೂಲಕ ಔಷಧ ತುಂಬಿಸಿ ಬಾಳಿಕೆ ಹೆಚ್ಚಿಸುವುದು ಇನ್ನೊಂದು ಮಾರ್ಗ. ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸಂಯುಕ್ತಗಳ ಮಿಶ್ರಣವಾದ ಸಿಸಿಎ ಎಂಬ ಸಂರಕ್ಷಕವನ್ನು 1933ರಲ್ಲಿ ಕಂಡುಹಿಡಿದವರು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಮುಂದೆ ಅದು ಲೋಕದಾದ್ಯಂತ ಬಳಕೆಗೆ ಬಂದಿತು. ಆರ್ಸೆನಿಕ್ ವಿಷದ ಆತಂಕದಿಂದಾಗಿ 2003ರ ಅಂತ್ಯಕ್ಕೆ ಅಮೆರಿಕದ ತಯಾರಕರು ಮನೆಬಳಕೆಯ ಮರಕ್ಕೆ ಇದನ್ನು ಬಳಸುವುದನ್ನು ಕೈಬಿಟ್ಟರು. ಆರ್ಸೆನಿಕ್ ಇಲ್ಲದ, ತಾಮ್ರವೇ ಮುಖ್ಯವಾದ ಸಂರಕ್ಷಕಗಳು ಅಲ್ಲಿ ಅದರ ಸ್ಥಾನಕ್ಕೆ ಬಂದವು.

ಅಡಿಕೆ, ಗೇರು, ಕಾಫಿ, ಮೀನು ಮುಂತಾದ ಆಹಾರದ ಸರಕು ನೇರವಾಗಿ ತಾಗುವ ಹಾಸಿಗೆ ಆರ್ಸೆನಿಕ್‌ಯುಕ್ತ ಮರ ಬೇಡವೇ ಬೇಡ. ಇಂಥ ಮರದ ಚೂರುಗಳನ್ನು ಒಲೆಗೂ ಹಾಕಬಾರದು, ಏಕೆಂದರೆ ವಿಷ ಬೂದಿಯಲ್ಲಿ ಉಳಿಯುತ್ತದೆ. ರಬ್ಬರ್ ಮರಕ್ಕೆ ಬಳಸುವ ಬೋರಾನ್ ಔಷಧ ಮನುಷ್ಯರಿಗೆ ಅಷ್ಟು ಅಪಾಯಕಾರಿಯಲ್ಲ. ಆದರೆ ಮಳೆಗೆ ಅದು ತೊಳೆದುಹೋಗುವುದರಿಂದ ತೆರೆದ ಅಟ್ಟಣೆಗೆ ನಿಷ್ಪ್ರಯೋಜಕ. ಬ್ರಷ್ಷಿನಿಂದ ಬಳಿದ ಔಷಧ ಮೇಲ್ಪದರವನ್ನಷ್ಟೇ ತಲುಪುತ್ತದೆ. ಅದನ್ನು ಒತ್ತಡದ ಸಂಸ್ಕರಣೆಯೆಂದು ಮಾರುವವರಿಂದ ಎಚ್ಚರವಿರಲಿ. ಒಂದು ತುಂಡನ್ನು ನಡುವೆ ಕೊಯ್ಯಿಸಿ, ಔಷಧದ ಬಣ್ಣ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡಿಯೇ ಮಾಲು ಒಪ್ಪಿಕೊಳ್ಳುವುದು ಲೇಸು. ಕಾಫಿ ತೋಟಗಳ ಸಿಲ್ವರ್ ಓಕ್‌ನಂತಹ ಅಲ್ಪ ಬಾಳಿಕೆಯ ಮರವನ್ನು ಸಂಸ್ಕರಿಸದೆ ಹೊರಗೆ ಬಳಸುವುದು ವ್ಯರ್ಥ. ಮರದ ಬಾಳಿಕೆ ಮತ್ತು ಸಂಸ್ಕರಣೆಯ ಬಗ್ಗೆ ಸಂದೇಹವಿದ್ದವರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ವಿಚಾರಿಸಬಹುದು.

ಕಲ್ಲು ಚಪ್ಪಡಿ: ಕರ್ನಾಟಕದವರಾದ ನಮಗೆ ಕಲ್ಲಿನ ಕೊರತೆಯಿಲ್ಲ. ಗ್ರಾನೈಟಿಗೆ ಲಡ್ಡಿಲ್ಲ, ತುಕ್ಕಿಲ್ಲ, ಗೆದ್ದಲಿನ ಭಯವಿಲ್ಲ. ಆದರೆ 50 ಮಿಲಿಮೀಟರ್ ದಪ್ಪದ ಚಪ್ಪಡಿ ಚದರ ಮೀಟರಿಗೆ ಸುಮಾರು 135 ಕಿಲೋ ತೂಗುತ್ತದೆ. 40 ಮಿಲಿಮೀಟರ್ ಮರದ ಹಲಗೆ 30 ಕಿಲೋ ಕೂಡ ತೂಗದು. ಹೀಗಾಗಿ ಮರದ ಹಳೆಯ ಚೌಕಟ್ಟಿನ ಮೇಲೆ ಕಲ್ಲು ಹೇರುವಂತಿಲ್ಲ; ಕಲ್ಲು ಅಥವಾ ಇಟ್ಟಿಗೆಯ ಗೋಡೆಗಳ ಆಧಾರ ಬೇಕು. ಕಲ್ಲು ಬಾಗುವ ಗುಣವುಳ್ಳದ್ದಲ್ಲ. ಅಂತರ ಹೆಚ್ಚಾದರೆ ಮುನ್ಸೂಚನೆ ಕೊಡದೆ ಮುರಿಯುತ್ತದೆ. ನುಣುಪಾಗಿ ಪಾಲಿಷ್ ಮಾಡಿದ ಗ್ರಾನೈಟ್ ಮಳೆಯಲ್ಲಿ ಜಾರುವುದರಿಂದ ಒರಟು ಮೈಯ ಚಪ್ಪಡಿಯನ್ನೇ ಆರಿಸಬೇಕು. ಶಹಾಬಾದ್ ಕಲ್ಲು ಅಗ್ಗವಾದರೂ ಸುಣ್ಣದ ಕಲ್ಲಿನ ಜಾತಿಯದು. ಹುಳಿ ಪದಾರ್ಥ, ಆಮ್ಲ ಚೆಲ್ಲುವ ಕಡೆ ಅದು ಸವೆಯುತ್ತದೆ.

ಪೂರ್ವನಿರ್ಮಿತ ಕಾಂಕ್ರೀಟ್ ಚಪ್ಪಡಿ: ಭಾರೀ ಸರಕಿನ ಅಟ್ಟಣೆಗೆ ಇದು ಮಿತವ್ಯಯದ ಆಯ್ಕೆ. ಆದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟು ಬಿರಿದು ಉದುರುತ್ತದೆ. ಭಾರತೀಯ ಮಾನಕ 456ರ 2000ದ ಆವೃತ್ತಿಯು ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟನ್ನು ತೀವ್ರ ಪರಿಸ್ಥಿತಿಯದೆಂದು ಗಣಿಸಿ, ಕನಿಷ್ಠ ಎಂ 30 ದರ್ಜೆಯ ಮಿಶ್ರಣವನ್ನೂ ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆಯನ್ನೂ ವಿಧಿಸಿತು. ಸಮುದ್ರದ ತುಂತುರು ನೇರವಾಗಿ ಬೀಳುವಲ್ಲಿ ಎಂ 35 ದರ್ಜೆ ಮತ್ತು 50 ಮಿಲಿಮೀಟರ್ ಹೊದಿಕೆ ಬೇಕಾಗುತ್ತದೆ. ಬೇಲಿ ಕಂಬ ಎರಕ ಹೊಯ್ಯುವ ಅಂಗಳದಲ್ಲಿ ಸಿಗುವ ತೆಳು ಚಪ್ಪಡಿಗಳಲ್ಲಿ ಇಷ್ಟು ಹೊದಿಕೆಗೆ ಜಾಗವೇ ಇರುವುದಿಲ್ಲವೆಂಬುದನ್ನು ಗಮನಿಸಬೇಕು.

ಸತು ಲೇಪಿತ ಉಕ್ಕಿನ ಜಾಲರಿ: ಗ್ರೇಟಿಂಗ್ ಎಂದು ಕರೆಯುವ ಈ ಜಾಲರಿಯ ಮೇಲೆ ನೀರು ನಿಲ್ಲುವುದೇ ಇಲ್ಲ. ಇದೇ ಅದರ ದೊಡ್ಡ ಗುಣ. ಕರಗಿದ ಸತುವಿನಲ್ಲಿ ಅದ್ದಿ ಲೇಪಿಸಿದ ಮಾಲನ್ನೇ ಕೊಳ್ಳಬೇಕು. ದಪ್ಪ ಉಕ್ಕಿನ ಮೇಲೆ ಈ ವಿಧಾನದಲ್ಲಿ ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್ ಸತು ಕೂರುತ್ತದೆ. ಒಳನಾಡಿನ ಸಾಧಾರಣ ವಾತಾವರಣದಲ್ಲಿ ವರ್ಷಕ್ಕೆ 1ರಿಂದ 2 ಮೈಕ್ರಾನ್ ಸವೆದರೆ ಈ ಲೇಪನ 40 ವರ್ಷ ದಾಟುತ್ತದೆ. ಕಡಲ ದಂಡೆಯಲ್ಲಿ ವರ್ಷಕ್ಕೆ 4ರಿಂದ 8 ಮೈಕ್ರಾನ್ ಸವೆಯುವುದರಿಂದ ಅದೇ ಜಾಲರಿಯ ಲೇಪನ 10ರಿಂದ 20 ವರ್ಷಗಳಲ್ಲಿ ಮುಗಿಯುತ್ತದೆ. ಒಂದೇ ಮಾಲು ಹಾಸನದಲ್ಲಿ ಒಂದು ಬಗೆ, ಮಲ್ಪೆಯಲ್ಲಿ ಇನ್ನೊಂದು ಬಗೆ ಬಾಳುವುದಕ್ಕೆ ಕಾರಣವಿದು. ಲೇಪನವಾದ ಮೇಲೆ ಕೊಯ್ದು ಬೆಸುಗೆ ಹಾಕಿದರೆ ಆ ಜಾಗದಿಂದಲೇ ತುಕ್ಕು ಹೊರಡುತ್ತದೆ. ಎಲ್ಲ ಕೊಯ್ತ, ಬೆಸುಗೆ ಮುಗಿಸಿದ ನಂತರವೇ ಲೇಪನಕ್ಕೆ ಕಳುಹಿಸತಕ್ಕದ್ದು.

ಗಾಜಿನ ನಾರಿನ ಎಫ್‌ಆರ್‌ಪಿ ಜಾಲರಿ: ಉಪ್ಪುನೀರು, ಆಮ್ಲ, ಕ್ಷಾರಗಳ ನಡುವೆ ಕೆಲಸ ಮಾಡುವ ಮೀನು ಸಂಸ್ಕರಣೆ, ಎಲೆಕ್ಟ್ರೋಪ್ಲೇಟಿಂಗ್, ರಾಸಾಯನಿಕ ಘಟಕಗಳಿಗೆ ಇದು ಹೇಳಿ ಮಾಡಿಸಿದಂತಹುದು. ಹಗುರ, ತುಕ್ಕಿಲ್ಲ, ವಿದ್ಯುತ್ ಹರಿಯದು. ಆದರೆ ಉಕ್ಕಿನ ಬಿಗಿತದ ಹತ್ತನೆಯ ಒಂದು ಪಾಲಿನಷ್ಟೇ ಬಿಗಿತ ಇದಕ್ಕಿರುವುದರಿಂದ ಮುರಿಯದಿದ್ದರೂ ಹೆಚ್ಚು ಬಾಗುತ್ತದೆ. ಆಧಾರಗಳನ್ನು ಹತ್ತಿರ ಹತ್ತಿರ ಕೊಡಬೇಕು. ಬಿಸಿಲಿನ ಕಿರಣಗಳಿಂದ ರಕ್ಷಣೆಯ ಪದರವಿಲ್ಲದಿದ್ದರೆ ಮೇಲ್ಮೈ ಸವೆದು ನಾರು ಹೊರಬರುತ್ತದೆ. ಬೆಂಕಿಗೆ ತುತ್ತಾಗುವ ವಸ್ತುವೆಂಬುದನ್ನೂ ಮರೆಯಬಾರದು.

ಮರ ಮತ್ತು ಪ್ಲಾಸ್ಟಿಕ್ ಮಿಶ್ರಿತ ಡಬ್ಲ್ಯುಪಿಸಿ ಹಲಗೆ: ಮರದ ಪುಡಿ ಮತ್ತು ಪ್ಲಾಸ್ಟಿಕ್ಕನ್ನು ಬೆರೆಸಿ ತಯಾರಿಸಿದ ಈ ಹಲಗೆಗೆ ಎಣ್ಣೆ, ಪಾಲಿಷ್ ಬೇಕಿಲ್ಲ, ಗೆದ್ದಲು ಸುಲಭವಾಗಿ ಮುಟ್ಟದು. ಹೋಟೆಲು, ಹೋಂಸ್ಟೇಗಳ ಜಗಲಿಗೆ ಇದು ಒಪ್ಪುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಇದೇ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಹಗುರ ಹಲಗೆಗಳು ಬಾಗಿಲು, ಅಡುಗೆಮನೆಯ ಕಪಾಟುಗಳಿಗೆಂದು ಮಾಡಿದ ಪಿವಿಸಿ ನೊರೆಹಲಗೆಗಳು. ಅವು ಹೊರಗಿನ ಹಾಸಿಗೆ ಸಲ್ಲವು. ಒಳ್ಳೆಯ ಹಲಗೆಯೂ ಬಿಸಿಲಿಗೆ ಹಿಗ್ಗುತ್ತದೆ. 3 ಮೀಟರ್ ಉದ್ದದ ಹಲಗೆ 30 ಡಿಗ್ರಿ ಶಾಖದ ಏರಿಳಿತಕ್ಕೆ 4ರಿಂದ 5 ಮಿಲಿಮೀಟರ್‌ನಷ್ಟು ಉದ್ದವಾಗಬಹುದು. ತುದಿಯಲ್ಲಿ ಅಷ್ಟು ಜಾಗ ಬಿಡದಿದ್ದರೆ ಅದು ಉಬ್ಬಿ ಏಳುತ್ತದೆ. ಸದಾ ಹೊರೆ ಹೇರಿದ್ದರೆ ಕ್ರಮೇಣ ಜೋತುಬೀಳುತ್ತದೆ. ಜಂತೆಗಳ ನಡುವಣ ಅಂತರ ತಯಾರಕರು ಹೇಳಿದ್ದಕ್ಕಿಂತ, ಸಾಮಾನ್ಯವಾಗಿ 300ರಿಂದ 400 ಮಿಲಿಮೀಟರಿಗಿಂತ, ಹೆಚ್ಚಬಾರದು. ಮೂಟೆ ಪೇರಿಸುವ ಉಗ್ರಾಣಕ್ಕೆ ಇದು ತಕ್ಕುದಲ್ಲ.

ಮೊಳೆ ಮತ್ತು ಬೋಲ್ಟು: ಚಿಕ್ಕದರಲ್ಲಿ ದೊಡ್ಡ ನಷ್ಟ

ಅಟ್ಟಣೆಯ ಒಟ್ಟು ವೆಚ್ಚದಲ್ಲಿ ಮೊಳೆ, ಸ್ಕ್ರೂ, ಬೋಲ್ಟುಗಳ ಪಾಲು ಅತ್ಯಲ್ಪ. ಉಳಿತಾಯ ಮಾಡಲು ಹೋಗಿ ಎಡವುವುದು ಮಾತ್ರ ಇಲ್ಲಿಯೇ. ಹೊಳೆಯುವ ಸಾಮಾನ್ಯ ಸ್ಕ್ರೂಗಳ ಮೇಲೆ ವಿದ್ಯುತ್ತಿನಿಂದ ಕೂರಿಸಿದ ಸತು ಹತ್ತು ಮೈಕ್ರಾನ್ ಆಸುಪಾಸಿನಲ್ಲಷ್ಟೇ ಇರುತ್ತದೆ. ಕರಾವಳಿಯಲ್ಲಿ ಅದು ಒಂದೆರಡು ಮಳೆಗಾಲದ ಮಾತು. ತಾಮ್ರಯುಕ್ತ ಔಷಧದಿಂದ ಸಂಸ್ಕರಿಸಿದ ಮರ ಸಾಮಾನ್ಯ ಉಕ್ಕನ್ನು ಇನ್ನಷ್ಟು ಬೇಗ ತಿನ್ನುತ್ತದೆ. ಒಳನಾಡಿನಲ್ಲಿ ಬಿಸಿ ಸತುವಿನಲ್ಲಿ ಅದ್ದಿದ ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಕಡಲ ಹತ್ತಿರ, ಮಾಲಿಬ್ಡಿನಂ ಸೇರಿರುವ 316 ದರ್ಜೆಯೇ ಉತ್ತಮ. ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿ ಉಪ್ಪುನೀರಿನಲ್ಲಿ ನೆನೆದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ಪ್ಲಾಸ್ಟಿಕ್ ಅಥವಾ ರಬ್ಬರಿನ ವಾಷರ್ ಇರಿಸಬೇಕು.

ವೆಚ್ಚದ ಸರಿಯಾದ ಲೆಕ್ಕ

ಅಗ್ಗದ್ದನ್ನು ಕೊಂಡು ಮತ್ತೆ ಮತ್ತೆ ಬದಲಿಸುವುದು ಲಾಭವೋ, ದುಬಾರಿಯದನ್ನು ಒಮ್ಮೆಗೇ ಕೊಳ್ಳುವುದು ಲಾಭವೋ? ಲೆಕ್ಕದ ವಿಧಾನವನ್ನು ತೋರಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಈ ಅಂಕಿಗಳು ಮಾರುಕಟ್ಟೆಯ ದರಗಳಲ್ಲ. ಓದುಗರು ತಮ್ಮ ದರಪಟ್ಟಿಯ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಮೊದಲನೆಯ ಆಯ್ಕೆ ಸಂಸ್ಕರಿಸದ ಸಾಧಾರಣ ಮರ: ವೆಚ್ಚ ರೂ. 1,00,000, ಬಾಳಿಕೆ 5 ವರ್ಷ, ಎಣ್ಣೆ, ದುರಸ್ತಿಗೆ ವರ್ಷಕ್ಕೆ ರೂ. 5,000. ಎರಡನೆಯದು ಬಾಳಿಕೆಯ ಸಾಮಗ್ರಿ: ವೆಚ್ಚ ರೂ. 2,20,000, ಬಾಳಿಕೆ 20 ವರ್ಷ, ನಿರ್ವಹಣೆಗೆ ವರ್ಷಕ್ಕೆ ರೂ. 2,000. ಇಪ್ಪತ್ತು ವರ್ಷಕ್ಕೆ ಸುಮ್ಮನೆ ಕೂಡಿದರೆ ಮೊದಲನೆಯದಕ್ಕೆ ರೂ. 5,00,000, ಎರಡನೆಯದಕ್ಕೆ ರೂ. 2,60,000 ಆಗುತ್ತದೆ. ಮಾರಾಟಗಾರರು ತೋರಿಸುವುದು ಈ ಲೆಕ್ಕವನ್ನೇ.

ಆದರೆ ವರ್ತಕನಿಗೆ ಹಣದ ಬಡ್ಡಿಯ ಅರಿವಿದೆ. ಐದು ವರ್ಷಗಳ ನಂತರ ಕೊಡಬೇಕಾದ ಒಂದು ಲಕ್ಷ ಇಂದಿನ ಒಂದು ಲಕ್ಷಕ್ಕೆ ಸಮವಲ್ಲ. ಶೇಕಡಾ 10ರ ಬಡ್ಡಿಯಂತೆ ಮುಂದಿನ ಎಲ್ಲ ಖರ್ಚುಗಳನ್ನು ಇಂದಿನ ಮೌಲ್ಯಕ್ಕೆ ಇಳಿಸಿದರೆ ಮೊದಲನೆಯ ಆಯ್ಕೆಗೆ ಸುಮಾರು ರೂ. 2,67,000, ಎರಡನೆಯದಕ್ಕೆ ರೂ. 2,37,000 ಬರುತ್ತದೆ. ರೂ. 2,40,000ದ ವ್ಯತ್ಯಾಸ ಕೇವಲ ರೂ. 30,000ಕ್ಕೆ ಇಳಿಯಿತು. ಅಟ್ಟಣೆ ಬದಲಿಸುವಾಗ ಪ್ರತಿ ಸಲವೂ ಕೆಲಸ ನಿಂತು ರೂ. 15,000 ನಷ್ಟವಾಗುವುದೆಂದು ಸೇರಿಸಿದರೆ ವ್ಯತ್ಯಾಸ ಸುಮಾರು ರೂ. 49,000ಕ್ಕೆ ಏರುತ್ತದೆ. ಅಂದರೆ ಈ ಉದಾಹರಣೆಯಲ್ಲಿ ಬಾಳಿಕೆಯ ಸಾಮಗ್ರಿಗೆ ಸುಮಾರು ರೂ. 2,69,000ದವರೆಗೆ ಕೊಡಬಹುದು, ಅದಕ್ಕೂ ಮೀರಿದರೆ ನಷ್ಟ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಸ್ವಂತ ಜಾಗದಲ್ಲಿ ದೀರ್ಘಕಾಲ ವ್ಯಾಪಾರ ನಡೆಸುವವನಿಗೆ ಬಾಳಿಕೆಯ ಸಾಮಗ್ರಿ ಲಾಭಕರ. ಆದರೆ ಅದಕ್ಕೂ ಒಂದು ಮಿತಿಯುಂಟು. ಐದು ವರ್ಷದ ಬಾಡಿಗೆ ಕರಾರಿನ ಮಳಿಗೆಯಲ್ಲಿರುವವನಿಗೆ ಸಾಧಾರಣ ಮರವೇ ಸರಿ, ಇಲ್ಲವೇ ಬಿಚ್ಚಿ ಒಯ್ಯಬಹುದಾದ ಜಾಲರಿ ಸರಿ. ಆದರೆ ಲಡ್ಡಾದ ಹಲಗೆಯಿಂದ ಕೆಲಸಗಾರನೊಬ್ಬನ ಕಾಲು ಮುರಿದರೆ ಆ ನೋವು ಮತ್ತು ಹೊಣೆಗಾರಿಕೆ ಈ ಲೆಕ್ಕದೊಳಗೆ ಬರುವುದಿಲ್ಲ. ಅಗ್ಗದ ಮರವನ್ನು ಆರಿಸಿದವರು ಅದನ್ನು ಸಕಾಲದಲ್ಲಿ ಬದಲಿಸಲೇಬೇಕು. ಆರನೆಯ, ಏಳನೆಯ ವರ್ಷಕ್ಕೆ ಎಳೆಯುವುದನ್ನು ಉಳಿತಾಯವೆಂದು ಭಾವಿಸಬಾರದು.

ಯಾರಿಗೆ ಯಾವುದು?

ಸ್ವಂತ ಉಗ್ರಾಣದಲ್ಲಿ ಭಾರೀ ಮೂಟೆಗಳ ಸರಕು ಇಳಿಸುವವರು ಕಲ್ಲುಗೋಡೆಯ ಆಧಾರದ ಮೇಲೆ ಕಾಂಕ್ರೀಟ್ ಅಥವಾ ಒರಟು ಗ್ರಾನೈಟ್ ಚಪ್ಪಡಿಯನ್ನು ಹಾಸುವುದು ಉತ್ತಮ. ಒಳನಾಡಿನ ಸಣ್ಣ ಕಾರ್ಖಾನೆಗಳಿಗೆ, ಬಾಡಿಗೆಯ ಜಾಗದಲ್ಲಿರುವವರಿಗೆ ಸತು ಲೇಪಿತ ಉಕ್ಕಿನ ಚೌಕಟ್ಟು ಮತ್ತು ಜಾಲರಿ ಅನುಕೂಲ. ಮೀನು, ಉಪ್ಪು, ಆಮ್ಲಗಳ ಸಂಪರ್ಕವಿರುವಲ್ಲಿ ಎಫ್‌ಆರ್‌ಪಿ ಜಾಲರಿಯನ್ನು ಪರಿಶೀಲಿಸಬಹುದು. ಅಂದಕ್ಕೆ ಪ್ರಾಧಾನ್ಯವಿರುವ ಅತಿಥಿಗೃಹಗಳಿಗೆ ಕೆಚ್ಚಿನ ತೇಗ ಅಥವಾ ಉತ್ತಮ ಡಬ್ಲ್ಯುಪಿಸಿ ಹಲಗೆ ಒಪ್ಪುತ್ತದೆ. ಆದರೆ ಕೆಳಗಿನ ಚೌಕಟ್ಟು ಸತು ಲೇಪಿತ ಉಕ್ಕಿನದಾಗಿದ್ದು, ಅಗಲವಾದ ಸೂರಿನ ಆಶ್ರಯವಿದ್ದರೆ ಬಾಳಿಕೆ ಹೆಚ್ಚು.

ಯಾವುದನ್ನೇ ಆರಿಸಿದರೂ ಪಾಲಿಸಬೇಕಾದ ನಿಯಮಗಳು ಕೆಲವೇ. ಹಲಗೆಗಳ ನಡುವೆ 5ರಿಂದ 6 ಮಿಲಿಮೀಟರ್ ಸಂದು ಇರಲಿ. ಕಾಂಕ್ರೀಟ್ ಮತ್ತು ಕಲ್ಲಿನ ಹಾಸಿಗೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು ಕೊಡಿ. ಕಂಬದ ಬುಡವನ್ನು ನೆಲದಿಂದ ಎತ್ತರಿಸಿ ಕಲ್ಲು ಅಥವಾ ಉಕ್ಕಿನ ಪೀಠದ ಮೇಲೆ ನಿಲ್ಲಿಸಿ. ಕೊಯ್ದ ತುದಿಗಳಿಗೆಲ್ಲ ಔಷಧ ಬಳಿಯಿರಿ. ಅಟ್ಟಣೆಯ ಕೆಳಗೆ ಗಾಳಿಯಾಡುವಂತಿರಲಿ; ಖಾಲಿ ಚೀಲ, ಮುರುಕು ಪೆಟ್ಟಿಗೆಗಳನ್ನು ಅಲ್ಲಿ ತುಂಬಬೇಡಿ. ಸೂರಿನ ನೀರನ್ನು ದೋಣಿಯ ಮೂಲಕ ದೂರ ಹರಿಸಿ.

ಖರೀದಿಯ ಆದೇಶದಲ್ಲಿ ಸಾಮಗ್ರಿಯ ಹೆಸರನ್ನಷ್ಟೇ ಬರೆಯುವುದು ಸಾಲದು. ಮರವಾದರೆ ಜಾತಿ, ಕೆಚ್ಚಿನ ಪ್ರಮಾಣ ಮತ್ತು ತೇವಾಂಶ. ಸಂಸ್ಕರಿಸಿದ್ದಾದರೆ ಔಷಧದ ಹೆಸರು ಮತ್ತು ಸಂಸ್ಕರಣೆಯ ಪ್ರಮಾಣಪತ್ರ. ಉಕ್ಕಾದರೆ ಲೇಪನದ ವಿಧಾನ ಮತ್ತು ದಪ್ಪ. ಡಬ್ಲ್ಯುಪಿಸಿಯಾದರೆ ಹೊರಾಂಗಣ ಬಳಕೆಯ ಲಿಖಿತ ಖಾತರಿ, ಜಂತೆಗಳ ಅಂತರ ಮತ್ತು ತಡೆಯಬಲ್ಲ ಹೊರೆ. ಇವನ್ನು ನಮೂದಿಸಿದರೆ ಮುಂದೆ ತಕರಾರು ಬಂದಾಗ ಕೈಯಲ್ಲಿ ಆಧಾರವಿರುತ್ತದೆ. ನಿರ್ವಹಣೆಯೇ ಬೇಡದ ಸಾಮಗ್ರಿ ಯಾವುದೂ ಇಲ್ಲ. ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಉಳಿ ಮತ್ತು ಟಾರ್ಚು ಹಿಡಿದು ಅಟ್ಟಣೆಯ ಕೆಳಗೆ ಇಳಿದು ನೋಡುವ ಅಭ್ಯಾಸವನ್ನು ನಮ್ಮ ವರ್ತಕ ಬಾಂಧವರು ಬೆಳೆಸಿಕೊಳ್ಳಲಿ. ವರ್ಷಕ್ಕೆರಡು ಸಲ ಅರ್ಧ ಗಂಟೆಯ ಈ ಕೆಲಸದಿಂದ, ಹಲಗೆ ಮುರಿಯುವ ಮುನ್ನವೇ ಅದನ್ನು ಬದಲಿಸಲು ಸಾಧ್ಯವಾಗುತ್ತದೆ.